ನಮ್ಮ ಮೋರಿಯ ನೀರು ಎಲ್ಲಿಗೆ ಹೋಗುತ್ತದೆ?



ಕಳೆದ ತಿಂಗಳ ಸಂಘದ ಕೂಟದಲ್ಲಿ ನಾನು ಗಟಾರದ ನೀರಿನ ಮಾತೆತ್ತಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ಕುಂದಾಪುರದ ಕಡೆಯ ಗೆಳೆಯನೊಬ್ಬ ಎದ್ದು ನಿಂತು, "ಎಂತ ಮಾರಾಯಾ, ಸಂಬ್ಳದ್ ಮಾತ್ ಬಿಟ್ಟ್ ಗಟಾರದ್ ಮಾತ್ ಹಿಡ್ದಿಯಲೆ! ಸಮುದ್ರ ಅಷ್ಟ್ ದೊಡ್ದಿತ್ತ್, ಅದಕ್ಕೆಂತ ಆತ್ತ್?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವನು ಕೇಳಿದ್ದು ನಕ್ಕು ಬಿಡತಕ್ಕ ಪ್ರಶ್ನೆಯಲ್ಲ. ಅದರಲ್ಲಿ ಎರಡು ಪ್ರಶ್ನೆಗಳಿವೆ. ಕಡಲಿಗೆ ಏನಾಗುತ್ತದೆ ಎಂಬುದೊಂದು. ಅದು ಕೆಲಸಗಾರರ ಸಂಘದ ಕೆಲಸ ಹೇಗೆ ಎಂಬುದು ಇನ್ನೊಂದು. ಅಂದು ಐದು ನಿಮಿಷದಲ್ಲಿ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತೇನೆ.

ನಾನು ವಿಜ್ಞಾನ ಓದಿದವನಲ್ಲ. ಗಂಗೊಳ್ಳಿಯ ಹತ್ತಿರದ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ 2004ರಲ್ಲಿ ಮುಂಬಯಿಯ ಬಸ್ಸು ಹತ್ತಿದವನು. ಮೊದಲ ಎರಡು ವರ್ಷ ನನ್ನ ಪ್ರಪಂಚವೆಂದರೆ ಹೋಟೆಲಿನ ಮೋರಿ. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ತಟ್ಟೆ, ಲೋಟ, ಪಾತ್ರೆ. ಸಾಂಬಾರಿನ ಜಿಡ್ಡು, ಚಟ್ನಿಯ ಗಸಿ, ಚಹದ ಚರಟ, ಸೋಪಿನ ಪುಡಿಯ ನೊರೆ ಎಲ್ಲವೂ ಮೋರಿಯ ಜಾಲರಿಯೊಳಗೆ ಇಳಿದು ಹೋಗುತ್ತಿತ್ತು. ಇಳಿದದ್ದು ಎಲ್ಲಿಗೆ ಹೋಯಿತೆಂದು ನಾನು ಎಂದೂ ಕೇಳಲಿಲ್ಲ. ಕಣ್ಣಿಗೆ ಮರೆಯಾದದ್ದು ಇಲ್ಲವಾಯಿತೆಂದೇ ತಿಳಿದಿದ್ದೆ. ನಿಮ್ಮಲ್ಲಿಯೂ ಬಹಳ ಮಂದಿ ಹಾಗೆಯೇ ತಿಳಿದಿದ್ದೀರಿ.

ಇಲ್ಲವಾಗುವುದಿಲ್ಲ, ಬಂಧುಗಳೇ. ಭಾತ್ಸಾ, ತಾನ್ಸಾ, ವೈತರಣಾ, ವಿಹಾರ, ತುಲಸಿ ಮೊದಲಾದ ಏಳು ಜಲಾಶಯಗಳಿಂದ ಈ ಮಹಾನಗರಕ್ಕೆ ದಿನಕ್ಕೆ ಸುಮಾರು 385 ಕೋಟಿ ಲೀಟರ್ ನೀರು ಬರುತ್ತದೆ. ಕುಡಿದು ಬೆವರಾದದ್ದು, ಬೇಯಿಸಿ ಆವಿಯಾದದ್ದು ಸ್ವಲ್ಪ. ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಹೊಲಸಾಗಿ ಹಿಂದಕ್ಕೆ ಬರುತ್ತದೆಂಬುದು ಇಂಜಿನಿಯರರ ರೂಢಿಯ ಲೆಕ್ಕ. ಮುಂಬಯಿಯ ಸುತ್ತ ಕಡಲು ಮತ್ತು ಖಾಡಿ. ಆ ಹೊಲಸು ನೀರು ಹೋಗಬೇಕಾದದ್ದಾದರೂ ಎಲ್ಲಿಗೆ? ಊರಿಗೆ ಬಂದವಳು ನೀರಿಗೆ ಬಾರಳೇ ಎಂಬ ಗಾದೆಯಂತೆ, ಮೋರಿಗೆ ಬಿದ್ದದ್ದು ಒಂದಲ್ಲ ಒಂದು ದಿನ ಕಡಲಿಗೆ ಬಂದೇ ಬರುತ್ತದೆ. ಹೇಗೆ ಬರುತ್ತದೆ, ಶುದ್ಧಿಯಾಗಿ ಬರುತ್ತದೆಯೋ ಹೊಲಸಾಗಿಯೇ ಬರುತ್ತದೆಯೋ ಎಂಬುದಷ್ಟೇ ಪ್ರಶ್ನೆ.

ಈಗ ಗೆಳೆಯನ ಮಾತಿಗೆ ಬರೋಣ. ಕಡಲು ದೊಡ್ಡದು, ನಿಜ. ಆದರೆ ಕಡಲಿಗೂ ಉಸಿರು ಬೇಕು. ನೀರಿನಲ್ಲಿ ಕರಗಿದ ಪ್ರಾಣವಾಯುವನ್ನೇ ಮೀನು ತನ್ನ ಕಿವಿರಿನಿಂದ ಎಳೆದುಕೊಂಡು ಬದುಕುತ್ತದೆ. ನಮ್ಮ ಬೆಚ್ಚಗಿನ ಕಡಲಿನ ಒಂದು ಲೀಟರ್ ನೀರಿನಲ್ಲಿ ಸಾಮಾನ್ಯವಾಗಿ ಆರೇಳು ಮಿಲಿಗ್ರಾಂ ಪ್ರಾಣವಾಯು ಕರಗಿರುತ್ತದೆ. ಅದು ಎರಡಕ್ಕೆ ಇಳಿಯಿತೆಂದರೆ ಹೆಚ್ಚಿನ ಮೀನುಗಳು ಅಲ್ಲಿ ನಿಲ್ಲಲಾರವು. ಓಡಬಲ್ಲವು ಓಡಿಹೋಗುತ್ತವೆ. ಓಡಲಾರದ ಚಿಪ್ಪು, ಹುಳ, ಮರಿಗಳು ಅಲ್ಲಿಯೇ ಸಾಯುತ್ತವೆ.

ಹೊಲಸು ನೀರು ಬಂದು ಸೇರಿದಾಗ ಆಗುವುದೇ ಇದು. ಅದರಲ್ಲಿರುವ ಅನ್ನ, ಎಣ್ಣೆ, ಮಲಗಳನ್ನು ತಿನ್ನಲು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಮುತ್ತಿಕೊಳ್ಳುತ್ತವೆ. ತಿನ್ನುವಾಗ ಅವು ನೀರಿನ ಪ್ರಾಣವಾಯುವನ್ನು ಖರ್ಚು ಮಾಡುತ್ತವೆ. ಒಂದು ಲೀಟರ್ ಹೊಲಸು ಎಷ್ಟು ಪ್ರಾಣವಾಯುವನ್ನು ಬೇಡುತ್ತದೆಂಬ ಅಳತೆಗೆ ಬಿ.ಓ.ಡಿ. ಎಂದು ಹೆಸರು. ಪೇಟೆಯ ಹೊಲಸು ನೀರಿನಲ್ಲಿ ಈ ಅಳತೆ ಸುಮಾರು 250 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ನಾವು ಗಲ್ಲೆಯ ಲೆಕ್ಕ ಹಾಕುವವರು, ಇದನ್ನೂ ಹಾಕೋಣ. ಕಡಲ ನೀರಿನಲ್ಲಿರುವುದು ಲೀಟರಿಗೆ ಆರು, ಹೊಲಸು ಕೇಳುವುದು 250. ಅಂದರೆ ಒಂದು ಲೀಟರ್ ಹೊಲಸು ನೀರು ಸುಮಾರು 40 ಲೀಟರ್ ಕಡಲ ನೀರಿನ ಉಸಿರನ್ನು ಪೂರ್ತಿ ನುಂಗಬಲ್ಲದು!

ಅಲೆ ಮತ್ತು ಗಾಳಿ ಹೊಸ ಪ್ರಾಣವಾಯುವನ್ನು ತಂದು ತುಂಬುತ್ತವೆ, ಅದೂ ನಿಜ. ತೆರೆದ ಕಡಲಿನಲ್ಲಿ ಅದು ಬೇಗ ಆಗುತ್ತದೆ. ಆದರೆ ಮಾಹೀಮ್ ಖಾಡಿ, ಮಲಾಡ್ ಖಾಡಿಗಳಲ್ಲಿ ಹಾಗಲ್ಲ. ಅಲ್ಲಿಯ ನೀರು ಇಳಿತದಲ್ಲಿ ಹೊರಕ್ಕೆ ಹೋದಂತೆ ಮಾಡಿ ಭರತದಲ್ಲಿ ಮತ್ತೆ ಒಳಕ್ಕೆ ಬರುತ್ತದೆ. ಸಾಲಗಾರನನ್ನು ಮುಂಬಾಗಿಲಿನಿಂದ ಕಳಿಸಿದರೆ ಹಿಂಬಾಗಿಲಿನಿಂದ ಬಂದು ಕುಳಿತ ಹಾಗೆ.

ಉಸಿರಿನ ಮಾತು ಹೀಗಾಯಿತು. ಇನ್ನೆರಡು ಕೇಡುಗಳಿವೆ. ಹೊಲಸಿನಲ್ಲಿರುವ ಸಾರಜನಕ, ರಂಜಕಗಳು ಗದ್ದೆಗೆ ಒಳ್ಳೆಯ ಗೊಬ್ಬರ. ಆದರೆ ಅವು ಮಿತಿಮೀರಿ ಕಡಲಿಗೆ ಬಿದ್ದರೆ ಪಾಚಿ ಹುಚ್ಚುಹುಚ್ಚಾಗಿ ಬೆಳೆಯುತ್ತದೆ, ಸತ್ತು ಕೊಳೆಯುವಾಗ ಉಳಿದ ಪ್ರಾಣವಾಯುವನ್ನೂ ಕಸಿದುಕೊಳ್ಳುತ್ತದೆ. ಎರಡನೆಯದು ರೋಗ. ವಿಷಮಶೀತ ಜ್ವರ, ಕಾಲರಾ, ಕೆಲವು ಬಗೆಯ ಕಾಮಾಲೆ ಇವೆಲ್ಲ ಮಲದ ದಾರಿಯಿಂದ ಬರುವ ರೋಗಗಳು. ನಮ್ಮೂರ ಕಡೆ ಮರುವಾಯಿ ಎಂದು ಕರೆಯುವ ಚಿಪ್ಪಿನ ಜೀವಿ ನೀರನ್ನು ಸೋಸಿ ಸೋಸಿ ಹೊಟ್ಟೆ ಹೊರೆದುಕೊಳ್ಳುತ್ತದೆ. ನೀರಿನಲ್ಲಿ ರೋಗಾಣುವಿದ್ದರೆ ಅದನ್ನೂ ಒಡಲಿನಲ್ಲಿ ಕೂಡಿಹಾಕಿಕೊಳ್ಳುತ್ತದೆ. ಸರಿಯಾಗಿ ಬೇಯಿಸದೆ ತಿಂದರೆ ಅದು ನಮ್ಮ ತಟ್ಟೆಗೇ ಹಿಂದಿರುಗುತ್ತದೆ. ಮಾಡಿದ್ದುಣ್ಣೋ ಮಹಾರಾಯ! ಸ್ನಾನಕ್ಕೆ ತಕ್ಕ ಕಡಲ ನೀರಿನಲ್ಲಿ 100 ಮಿಲಿಲೀಟರಿಗೆ ಮಲದ ಕ್ರಿಮಿಗಳು 100ನ್ನು ಮೀರಬಾರದೆಂದು ಸರಕಾರದ ಮಾಲಿನ್ಯ ನಿಯಂತ್ರಣದವರು ಗೊತ್ತುಪಡಿಸಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಕಡಲನ್ನು ಕಾಯುವುದು ಹೇಗೆ? ಉತ್ತರ ಸರಳವಾಗಿದೆ. ಕಡಲಿನಲ್ಲಿ ಆಗುವ ಕೆಲಸವನ್ನು ಕಡಲಿಗೆ ಮುಟ್ಟುವ ಮೊದಲೇ ತೊಟ್ಟಿಯಲ್ಲಿ ಮಾಡಿಸುವುದು. ಆ ಸೂಕ್ಷ್ಮ ಜೀವಿಗಳು ಹೇಗೂ ಹೊಲಸನ್ನು ತಿನ್ನುತ್ತವಲ್ಲ, ಅವು ನಮ್ಮ ಕಣ್ಣೆದುರಿಗೆ, ನಾವು ಊದಿದ ಗಾಳಿಯಲ್ಲಿ ತಿನ್ನಲಿ; ಮೀನಿನ ಪಾಲಿನ ಗಾಳಿಯಲ್ಲಿ ಬೇಡ. ಹೊಲಸು ನೀರಿನ ಶುದ್ಧೀಕರಣವೆಂದರೆ ಮುಖ್ಯವಾಗಿ ಇಷ್ಟೇ.

ಅದರ ಹಂತಗಳನ್ನು ಹೋಟೆಲಿನವರ ಭಾಷೆಯಲ್ಲಿ ಹೇಳುತ್ತೇನೆ. ಮೊದಲು ಜರಡಿ: ಬಟ್ಟೆ, ಪ್ಲಾಸ್ಟಿಕ್, ಕಡ್ಡಿಗಳನ್ನು ಕಬ್ಬಿಣದ ಸರಳುಗಳು ತಡೆಯುತ್ತವೆ. ಬಳಿಕ ಮರಳು ತಳಕ್ಕೆ ಕೂರುತ್ತದೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ನೀರನ್ನು ಅಲುಗಾಡದಂತೆ ನಿಲ್ಲಿಸುತ್ತಾರೆ. ನೆನೆಸಿದ ಅಕ್ಕಿಯ ನೀರಿನಲ್ಲಿ ಗಸಿ ಕೆಳಗೆ ಇಳಿಯುವ ಹಾಗೆ ಭಾರದ ಹೊಲಸು ಕೆಳಗೆ ಇಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕೆಲಸವೂ ಆಗಿಲ್ಲ. ಕರಗಿದ ಹೊಲಸು ನೀರಿನಲ್ಲಿಯೇ ಇದೆ. ಆದುದರಿಂದ ಮುಂದಿನ ತೊಟ್ಟಿಯಲ್ಲಿ ಯಂತ್ರದಿಂದ ಹಗಲಿರುಳು ಗಾಳಿ ಊದುತ್ತಾರೆ. ಅಲ್ಲಿ ಸೂಕ್ಷ್ಮ ಜೀವಿಗಳು ಕೋಟಿಗಟ್ಟಲೆ ಹುಟ್ಟಿ ಹೊಲಸನ್ನು ತಿಂದು ಮುದ್ದೆಮುದ್ದೆಯಾಗಿ ಕೆಳಗೆ ಕೂರುತ್ತವೆ. ಮೇಲಿನ ತಿಳಿಯನ್ನು ಬಸಿದುಕೊಂಡು, ತಳದ ಕೆಸರಿನಲ್ಲಿ ಒಂದು ಪಾಲನ್ನು ಮತ್ತೆ ಗಾಳಿಯ ತೊಟ್ಟಿಗೆ ಹಿಂದಿರುಗಿಸುತ್ತಾರೆ. ನಿನ್ನೆಯ ದೋಸೆಹಿಟ್ಟಿನಲ್ಲಿ ಒಂದು ಸೌಟು ಉಳಿಸಿ ಇಂದಿನ ಹಿಟ್ಟಿಗೆ ಬೆರೆಸಿದರೆ ಬೇಗ ಹುಳಿ ಬರುವುದಿಲ್ಲವೇ, ಹಾಗೆ. ಕಡೆಯಲ್ಲಿ ರೋಗಾಣುಗಳನ್ನು ಕ್ಲೋರಿನ್ನಿನಿಂದಲೋ ಬೇರೆ ಉಪಾಯದಿಂದಲೋ ಕೊಲ್ಲುತ್ತಾರೆ.

ಈ ಕೆಸರು ಹಿಂದಿರುಗಿಸುವ ಉಪಾಯವನ್ನು ಕಂಡುಹಿಡಿದದ್ದು 1914ರಲ್ಲಿ, ಇಂಗ್ಲೆಂಡಿನ ಹತ್ತಿಗಿರಣಿಗಳ ಊರಾದ ಮ್ಯಾಂಚೆಸ್ಟರಿನಲ್ಲಿ. ಆರ್ಡನ್ ಮತ್ತು ಲಾಕೆಟ್ ಎಂಬ ಇಬ್ಬರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞ ಎರಡು ವರ್ಷದ ಬಳಿಕ, 1916ರಲ್ಲಿ, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕನಾಗಿ ಬಂದ. ಅಂದರೆ ಈ ವಿದ್ಯೆ ನಮ್ಮ ನಾಡಿನ ಬಾಗಿಲಿಗೆ ಬಂದು ನೂರು ವರ್ಷ ದಾಟಿತು! ವಿದ್ಯೆ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಫಲವೇನು? ಚೆನ್ನಾಗಿ ನಡೆಯುವ ಕಾರ್ಖಾನೆಯಿಂದ ಹೊರಬೀಳುವ ನೀರಿನ ಬಿ.ಓ.ಡಿ. 250ರಿಂದ ಹತ್ತಕ್ಕೆ ಇಳಿಯಬಲ್ಲದು. 40 ಲೀಟರಿನ ಉಸಿರು ನುಂಗುತ್ತಿದ್ದ ನೀರು ಈಗ ಎರಡು ಲೀಟರಿನದನ್ನೂ ನುಂಗದು. ಕಡಲು ಉಳಿಯುವುದು ಈ ವ್ಯತ್ಯಾಸದಿಂದ.

ನಮ್ಮ ಮುಂಬಯಿಯಲ್ಲಿ ನಡೆದದ್ದೇನು? ವಿಶ್ವ ಬ್ಯಾಂಕಿನ ಸಾಲದಿಂದ 1995ರಲ್ಲಿ ಆರಂಭವಾದ ಯೋಜನೆಯಲ್ಲಿ ವರ್ಲಿ ಮತ್ತು ಬಾಂದ್ರಾಗಳಿಂದ ಕಡಲಿನ ತಳದಲ್ಲಿ ಮೂರು ಕಿಲೋಮೀಟರಿಗೂ ಉದ್ದದ ಎರಡು ಸುರಂಗಗಳನ್ನು ತೋಡಿದರು. ಜರಡಿ ಹಿಡಿದು, ಮರಳು ತೆಗೆದು, ಉಳಿದ ಹೊಲಸನ್ನು ಅಲ್ಲಿ ದೂರಕ್ಕೆ ಬಿಡುವ ಏರ್ಪಾಡು. ದಂಡೆಯ ಹೊಲಸು ದೂರ ಹೋಯಿತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ದೂರ ಮಾಡುವುದು ಬೇರೆ, ಶುದ್ಧಮಾಡುವುದು ಬೇರೆ. ವರ್ಸೋವಾ, ಭಾಂಡುಪ್, ಘಾಟ್ಕೋಪರ್‌ಗಳಲ್ಲಿ ಗಾಳಿ ಊದುವ ಕೊಳಗಳನ್ನು ಮಾಡಿದರು. ಮಲಾಡಿನಲ್ಲಿ ಜರಡಿಯ ಕೆಲಸವಷ್ಟೇ ಆಗಿ ಹೊಲಸು ಖಾಡಿಗೆ ಇಳಿಯುತ್ತ ಬಂತು. ಹೀಗೆ ಇಪ್ಪತ್ತು ವರ್ಷ ಕಳೆಯಿತು.

ಬಳಿಕ 2023ರ ಜನವರಿ 19ರಂದು ಏಳು ಹೊಸ ಶುದ್ಧೀಕರಣ ಕಾರ್ಖಾನೆಗಳಿಗೆ ಪ್ರಧಾನಮಂತ್ರಿಗಳು ಅಡಿಗಲ್ಲು ಹಾಕಿದರು. ವರ್ಲಿ, ಬಾಂದ್ರಾ, ಧಾರಾವಿ, ವರ್ಸೋವಾ, ಮಲಾಡ್, ಭಾಂಡುಪ್, ಘಾಟ್ಕೋಪರ್. ಏಳೂ ಸೇರಿ ದಿನಕ್ಕೆ 246 ಕೋಟಿ ಲೀಟರ್ ಶುದ್ಧಮಾಡುವ ಶಕ್ತಿ; ವೆಚ್ಚ ಸುಮಾರು 17,200 ಕೋಟಿ ರೂಪಾಯಿ. 2026ರಿಂದ 2028ರೊಳಗೆ ಒಂದೊಂದಾಗಿ ಮುಗಿಸಬೇಕೆಂದು ಗಡುವು ಇಟ್ಟುಕೊಂಡರು. ಇದು ಒಳ್ಳೆಯ ಕೆಲಸ. ಯಾವ ಪಕ್ಷದವರು ಅಡಿಗಲ್ಲು ಹಾಕಿದರು, ಯಾವ ಪಕ್ಷದವರು ರಿಬ್ಬನ್ನು ಕತ್ತರಿಸುತ್ತಾರೆ ಎಂಬುದು ನಮಗೆ ಬೇಡ. ಕೆಲಸ ಆಗಲಿ.

ಆದರೆ ನನ್ನ ಮಾತು ಇರುವುದು ಇಲ್ಲಿಯೇ. ಕಾರ್ಖಾನೆ ಕಟ್ಟಿದರೆ ಕಡಲು ಉಳಿಯಿತೆಂದು ತಿಳಿಯಬೇಡಿ. ಕಾರ್ಖಾನೆ ಶುದ್ಧಮಾಡುವುದು ತನ್ನ ಬಾಗಿಲಿಗೆ ಬಂದ ನೀರನ್ನು ಮಾತ್ರ. ಬಾಗಿಲಿಗೆ ಬಾರದ ನೀರಿಗೆ ಅದೇನು ಮಾಡೀತು?

ನಿಮ್ಮ ಖೋಲಿಯ ಪಕ್ಕದ ನಾಲಾವನ್ನು ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ ನಿಂತು ನೋಡಿ. ನಾಲಾ ಇರುವುದು ಮಳೆಯ ನೀರಿಗೆ. ಮಳೆಯಿಲ್ಲದ ದಿನ ಅದರಲ್ಲಿ ಕರಿನೀರು ಹರಿಯುತ್ತಿದೆಯಲ್ಲ, ಅದು ಎಲ್ಲಿಂದ ಬಂತು? ಕೊಳವೆ ಜೋಡಿಸದ ಝೋಪಡಪಟ್ಟಿಗಳಿಂದ, ಸಾರ್ವಜನಿಕ ಸಂಡಾಸುಗಳ ತುಂಬಿದ ತೊಟ್ಟಿಗಳಿಂದ, ಗುಟ್ಟಿನಲ್ಲಿ ನಾಲಾಕ್ಕೆ ಬಾಯಿ ಬಿಟ್ಟ ಕಟ್ಟಡಗಳಿಂದ, ಮತ್ತು ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ನಮ್ಮ ಕೆಲವು ಹೋಟೆಲುಗಳ ಮೋರಿಗಳಿಂದ. ಹದಿನೆಂಟು ಕಿಲೋಮೀಟರ್ ಉದ್ದದ ಮೀಠಿ ನದಿ ಹುಟ್ಟುವುದು ವಿಹಾರ, ಪವಯಿ ಕೆರೆಗಳ ತುಂಬಿ ಚೆಲ್ಲಿದ ನೀರಿನಿಂದ. ಮಾಹೀಮ್ ಖಾಡಿಗೆ ಬರುವಾಗ ಅದನ್ನು ನದಿಯೆಂದು ಕರೆಯಲು ಬಾಯಿ ಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಆ ಮೀಠಿ ಉಕ್ಕಿತು. ಕುರ್ಲಾದಲ್ಲಿ ನಾನು ಎದೆಮಟ್ಟದ ನೀರಿನಲ್ಲಿ ನಿಂತಿದ್ದೆ. ಅದು ಮಳೆಯ ನೀರಾಗಿರಲಿಲ್ಲ, ಬಂಧುಗಳೇ. ನಾವು ಕಡಲಿಗೆಂದು ಕಳಿಸಿದ್ದು ನಮ್ಮ ಮನೆಗೇ ತಿರುಗಿ ಬಂದಿತ್ತು.

ಮಾಹೀಮಿನ ಒಬ್ಬ ಕೋಳಿ ಮೀನುಗಾರ ಮುದುಕನ ಪರಿಚಯ ನನಗಿದೆ. ದಂಡೆಯಲ್ಲಿ ಬಲೆ ಬಿಡಿಸುತ್ತ ಕೂತಿದ್ದಾಗ, "ಕಾಕಾ, ಈಗ ಮೀನಿಗೆ ಎಷ್ಟು ದೂರ ಹೋಗುತ್ತೀರಿ?" ಎಂದು ಕೇಳಿದೆ. ಆತ ಬಲೆಯಿಂದ ಕಣ್ಣೆತ್ತದೆಯೇ, "ಅಣ್ಣಾ, ನನ್ನ ಅಪ್ಪ ಸೊಂಟಮಟ್ಟದ ನೀರಿನಲ್ಲಿ ನಿಂತು ಹಿಡಿಯುತ್ತಿದ್ದ. ನಾನು ಡೀಸೆಲ್ ಸುಟ್ಟು ಹೋಗುತ್ತೇನೆ. ನನ್ನ ಮಗ ಹೋಗುವುದೇ ಇಲ್ಲ, ಅವನು ಮಾಲಿನಲ್ಲಿ ವಾಚ್‌ಮನ್" ಎಂದ. ಒಬ್ಬ ಕೆಲಸಗಾರನ ಕಸುಬು ಹೀಗೆ ಮುಗಿಯುತ್ತದೆ. ಗಿರಣಿಗೆ ಬೀಗ ಬಿದ್ದರೆ ಪತ್ರಿಕೆಯಲ್ಲಿ ಬರುತ್ತದೆ. ಖಾಡಿಗೆ ಬೀಗ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ.

ನಮ್ಮ ಹಿರಿಯ ಗಿರಣಿ ಕೆಲಸಗಾರರಿಗೂ ಇಲ್ಲಿ ಒಂದು ಮಾತು. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ಬಳಿಕ ಗಿರಣಗಾಂವ್ ಹೇಗೆ ಕರಗಿತೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಬಣ್ಣದ ಖಾತೆಯಲ್ಲಿ ಅಂದು ಯಾವ ಬಣ್ಣವೋ ಹೊರಗಿನ ಗಟಾರಕ್ಕೂ ಅದೇ ಬಣ್ಣ ಎಂದು ನೀವೇ ನನಗೆ ಹೇಳಿದ್ದೀರಿ. ಈಗ ಆ ನೆಲದಲ್ಲಿ ಗೋಪುರಗಳು ನಿಂತಿವೆ, ಬಣ್ಣದ ಕೆಲಸ ಬೇರೆ ಊರುಗಳಿಗೆ ಹೋಗಿದೆ. ಆ ಕೆಲಸದಲ್ಲಿರುವ ನಿಮ್ಮ ಮಕ್ಕಳಿಗೆ ತಿಳಿಸಿ: ಬಣ್ಣ, ಆಮ್ಲ, ಕ್ಷಾರಗಳ ನೀರನ್ನು ಕಾರ್ಖಾನೆಯೊಳಗೇ ಮೊದಲು ಶುದ್ಧಮಾಡಬೇಕು. ಹಾಗೆಯೇ ಊರ ಗಟಾರಕ್ಕೆ ಬಿಟ್ಟರೆ ಹೊಲಸು ತಿನ್ನುವ ಸೂಕ್ಷ್ಮ ಜೀವಿಗಳೇ ಸಾಯುತ್ತವೆ. ಒಬ್ಬ ಧಣಿಯ ಉಳಿತಾಯದಿಂದ ಊರಿನ ತೊಟ್ಟಿಯೇ ಕೆಡುತ್ತದೆ.

ಇನ್ನು ನನ್ನ ತಪ್ಪನ್ನು ಹೇಳಿಕೊಳ್ಳುತ್ತೇನೆ. ಬೇರೆಯವರಿಗೆ ಬುದ್ಧಿ ಹೇಳುವವನು ಮೊದಲು ಅದನ್ನು ಹೇಳಬೇಕು.

2011ರ ಮಳೆಗಾಲಕ್ಕೆ ಮುಂಚೆ ನಾನು ಒಂದು ಹೋಟೆಲಿನಲ್ಲಿ ವಡೆ, ಬಜ್ಜಿಯ ಬಾಣಲೆಯ ಮುಂದೆ ಇದ್ದೆ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಬಾಣಲೆಯ ತಳದ ಕರಿ ಎಣ್ಣೆಯನ್ನು ಮೋರಿಗೆ ಸುರಿಯುವುದು ನನ್ನ ಕೆಲಸ. ಧಣಿಗಳು ಹಾಗೆಯೇ ಹೇಳಿದ್ದರು, ನಾನು ಹಾಗೆಯೇ ಮಾಡಿದೆ. ಬಿಸಿಯಿರುವಾಗ ಎಣ್ಣೆ ನೀರಿನ ಹಾಗೆ ಇಳಿಯುತ್ತದೆ. ಕೊಳವೆಯೊಳಗೆ ತಣ್ಣಗಾಗಿ ಮೇಣದ ಹಾಗೆ ಹಿಡಿದುಕೊಳ್ಳುತ್ತದೆ. ಒಂದು ಬೆಳಿಗ್ಗೆ ಮೋರಿ ಕಟ್ಟಿ ಅಡಿಗೆಮನೆಯ ತುಂಬ ನೀರು. ಗಿರಾಕಿಗಳು ಬರುವ ಹೊತ್ತು. ಎಲ್ಲಿಂದಲೋ ಒಬ್ಬ ಹುಡುಗನನ್ನು ಕರೆತಂದರು. ನನ್ನದೇ ವಯಸ್ಸು. ಸೊಂಟಕ್ಕೆ ಹಗ್ಗ, ಕೈಯಲ್ಲಿ ಬಿದಿರಿನ ಸೀಳು, ಮೈಮೇಲೆ ಚಡ್ಡಿ ಮಾತ್ರ. ಚೇಂಬರಿನ ಮುಚ್ಚಳ ತೆಗೆದು ಇಳಿದ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಸದ್ದು ನಿಂತಿತು. ಹಗ್ಗ ಎಳೆದಾಗ ಮೈ ಬಂತು, ಪ್ರಜ್ಞೆ ಇರಲಿಲ್ಲ. ಹಿತ್ತಲಿನಲ್ಲಿ ಮಲಗಿಸಿ ನೀರು ಚಿಮುಕಿಸಿದೆವು. ಬಹಳ ಹೊತ್ತಿನ ಮೇಲೆ ಕೆಮ್ಮಿ, ವಾಂತಿ ಮಾಡಿ, ಕಣ್ಣು ಬಿಟ್ಟ. ಐನೂರು ರೂಪಾಯಿ ಕೊಟ್ಟು ಕಳಿಸಿದರು. ಹೋಗುವ ಮುಂಚೆ ನಾನು ಅವನಿಗೆ ಒಂದು ಲೋಟ ಚಹ ಕೊಟ್ಟೆ. ಅವನ ಹೆಸರನ್ನು ಕೇಳಲಿಲ್ಲ.

ಅವನು ಬಗ್ಗಿ ಕೆರೆದು ತೆಗೆದ ಮೇಣ ನಾನು ಸುರಿದ ಎಣ್ಣೆ. ಇದನ್ನು ನಾನು ಮರೆತಿಲ್ಲ.

ಅವನನ್ನು ಕೆಡವಿದ್ದು ಗಟಾರದ ಗಾಳಿ. ಪ್ರಾಣವಾಯುವಿಲ್ಲದ ಜಾಗದಲ್ಲಿ ಹೊಲಸು ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಂದು, ವಾಸನೆ ಹೋಯಿತೆಂದು ಮನುಷ್ಯ ನಂಬುವಾಗಲೇ ಅವನನ್ನು ಉರುಳಿಸುತ್ತದೆ. ಖಾಡಿಯ ಮೀನನ್ನೂ ಗಟಾರದ ಮನುಷ್ಯನನ್ನೂ ಕೊಲ್ಲುವ ಕೇಡಿನ ಬೇರು ಒಂದೇ.

2013ರಲ್ಲಿ ಇದಕ್ಕೆ ಕಾನೂನು ಬಂತು. ರಕ್ಷಣೆಯ ಸಾಮಾನು, ಏರ್ಪಾಡುಗಳಿಲ್ಲದೆ ಗಟಾರಕ್ಕೂ ಶೌಚದ ತೊಟ್ಟಿಗೂ ಮನುಷ್ಯನನ್ನು ಇಳಿಸುವುದು ಅಪರಾಧ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. 2014ರಲ್ಲಿ ಸುಪ್ರೀಂ ಕೋರ್ಟು ಗಟಾರದಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಹೋರಾಟಕ್ಕೆ ದೇಶದಲ್ಲಿ ಧ್ವನಿಯಾದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಈ ಕೆಲಸ ಮಾಡುತ್ತಿದ್ದವರ ಮನೆಯಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾವು ಹೆಮ್ಮೆಪಡೋಣ. ಆದರೆ ನಮ್ಮ ಹೋಟೆಲಿನ ಚೇಂಬರಿಗೆ ಮನುಷ್ಯನನ್ನು ಇಳಿಸಿದರೆ ಆ ಹೆಮ್ಮೆಗೆ ಬೆಲೆಯೇನು?

ಇಷ್ಟರಿಂದ ಗೆಳೆಯನ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ತಿಳಿಯುತ್ತೇನೆ. ಕಡಲಿಗೆ ಹೋಗುವ ದಾರಿ ಹೊರಡುವುದು ನಮ್ಮ ಕೈಯಿಂದ. ಆ ದಾರಿಯುದ್ದಕ್ಕೂ ಇರುವವರು ಕೆಲಸಗಾರರು. ಮೋರಿಯಲ್ಲಿ ನಾವು, ಚೇಂಬರಿನಲ್ಲಿ ಆ ಹುಡುಗ, ನಾಲಾದ ಬದಿಯ ಖೋಲಿಯಲ್ಲಿ ನಮ್ಮ ಹೆಂಡಿರು ಮಕ್ಕಳು, ಕೊನೆಯಲ್ಲಿ ಬಲೆ ಹಿಡಿದ ಕಾಕಾ. ಧಣಿಗಳಾರೂ ಆ ದಾರಿಯಲ್ಲಿ ಕಾಣಸಿಗುವುದಿಲ್ಲ. ಸಂಬಳ ಏರಿದರೂ ಅದರಲ್ಲೊಂದು ಪಾಲು ಕಾಮಾಲೆಯ ಔಷಧಕ್ಕೆ ಹೋಗುವುದಾದರೆ ಏರಿದ್ದೇನು?

ಹಣ ಯಾರು ಕೊಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಮೆರಿಕದ ಬೋಸ್ಟನ್ ಬಂದರು ಒಂದು ಕಾಲಕ್ಕೆ ಹೊಲಸಿಗೆ ಹೆಸರಾಗಿತ್ತು. 1982ರಲ್ಲಿ ಪಕ್ಕದ ಕ್ವಿನ್ಸಿ ಊರಿನವರು ಕೋರ್ಟಿಗೆ ಹೋದರು. ಕೋರ್ಟು ಗಡುವುಗಳನ್ನು ಹಾಕಿ ಬೆನ್ನು ಹತ್ತಿತು. 1991ರಲ್ಲಿ ಕೆಸರನ್ನು ಬಂದರಿಗೆ ಸುರಿಯುವುದು ನಿಂತಿತು. ಡಿಯರ್ ಐಲೆಂಡಿನಲ್ಲಿ ದೊಡ್ಡ ಶುದ್ಧೀಕರಣ ಕಾರ್ಖಾನೆ ಎದ್ದಿತು, 2000ದಲ್ಲಿ ಶುದ್ಧವಾದ ನೀರನ್ನು ಸುಮಾರು 15 ಕಿಲೋಮೀಟರ್ ದೂರಕ್ಕೆ ಒಯ್ಯುವ ಸುರಂಗ ತೆರೆಯಿತು. ಸುರಂಗವೂ ಬಂತು, ಶುದ್ಧೀಕರಣವೂ ಬಂತು. ಒಂದಕ್ಕೆ ಇನ್ನೊಂದು ಬದಲಿಯಾಗಲಿಲ್ಲ. ಈಗ ಆ ದಂಡೆಗಳಲ್ಲಿ ಜನ ಈಜುತ್ತಾರೆ. ಆದರೆ ವೆಚ್ಚದ ದೊಡ್ಡ ಭಾಗ ಮನೆಮನೆಯ ನೀರಿನ ಬಿಲ್ಲಿನ ಮೇಲೆ ಬಿತ್ತು, ಜನ ಪ್ರತಿಭಟಿಸಬೇಕಾಯಿತು. ಇದರಿಂದ ಎರಡು ಪಾಠ. ಕೆಟ್ಟ ಕಡಲನ್ನು ಮತ್ತೆ ಸರಿಮಾಡಬಹುದು. ಆದರೆ ಬಿಲ್ಲು ಯಾರ ಹೆಗಲಿಗೆ ಬೀಳುತ್ತದೆಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಹತ್ತು ಜನಕ್ಕೆ ಒಂದು ನಲ್ಲಿಯಿರುವ ಚಾಳಿನವನೂ, ಮೇಲಂತಸ್ತಿನಲ್ಲಿ ಈಜುಕೊಳವಿರುವ ಗೋಪುರದವನೂ ಒಂದೇ ದರ ತೆರುವುದು ನ್ಯಾಯವಲ್ಲ.

ಆದುದರಿಂದ ಸಂಘ ಈ ಐದು ಮಾತುಗಳನ್ನು ಹಿಡಿಯಬೇಕೆಂದು ನನ್ನ ಸೂಚನೆ.

ಒಂದು: ಪ್ರತಿಯೊಂದು ಹೋಟೆಲಿನ ಮೋರಿಗೂ ಜಿಡ್ಡು ತಡೆಯುವ ತೊಟ್ಟಿ ಇರಬೇಕು, ಅದು ಧಣಿಯ ಖರ್ಚಿನಲ್ಲಿ. ಅದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ನೀರು ಸ್ವಲ್ಪ ಹೊತ್ತು ನಿಂತು ತಣ್ಣಗಾದರೆ ಜಿಡ್ಡು ಮೇಲೆ ತೇಲುತ್ತದೆ, ಕೆಳಗಿನ ನೀರು ಮುಂದೆ ಹೋಗುತ್ತದೆ. ತೇಲಿದ ಜಿಡ್ಡನ್ನು ತಪ್ಪದೆ ತೆಗೆಯಬೇಕು, ಅದಕ್ಕೆ ಕೈಚೀಲ ಮತ್ತು ಸಮಯ ಕೊಡಬೇಕು.

ಎರಡು: ಸುಟ್ಟ ಎಣ್ಣೆ ಮೋರಿಗೆ ಬೀಳಕೂಡದು. ಅದನ್ನು ಸಂಗ್ರಹಿಸಿ ಡೀಸೆಲಿನಂಥ ಇಂಧನ ಮಾಡುವ ಏರ್ಪಾಡನ್ನು ಆಹಾರ ಸುರಕ್ಷತಾ ಇಲಾಖೆಯವರು 2018ರಲ್ಲಿಯೇ ಆರಂಭಿಸಿದ್ದಾರೆ. ಡಬ್ಬಿಯಲ್ಲಿ ತುಂಬಿಟ್ಟು ಕೊಟ್ಟರೆ ಧಣಿಗೆ ದುಡ್ಡೂ ಬರುತ್ತದೆ.

ಮೂರು: ಯಾವ ಹೋಟೆಲಿನ ಚೇಂಬರಿಗೂ ಮನುಷ್ಯನನ್ನು ಇಳಿಸಕೂಡದು. ಯಂತ್ರ ತರಿಸಲಿ. ತರಿಸದಿದ್ದರೆ ಕೆಲಸಗಾರರು ಮುಚ್ಚಳ ತೆಗೆಯಲು ಕೈಹಾಕಬಾರದು, ಒಡನೆ ಸಂಘಕ್ಕೆ ತಿಳಿಸಬೇಕು.

ನಾಲ್ಕು: ಝೋಪಡಪಟ್ಟಿ, ಚಾಳುಗಳ ಸಂಡಾಸಿನಿಂದ ಶುದ್ಧೀಕರಣ ಕಾರ್ಖಾನೆಯವರೆಗೆ ಕೊಳವೆ ಬರಬೇಕು. ಬೇಸಿಗೆಯ ನಾಲಾ ಒಣಗಿರಬೇಕು. ಕಾರ್ಖಾನೆ ಎಷ್ಟು ಕೆಲಸ ಮಾಡಿತೆಂಬುದಕ್ಕೆ ಅದೇ ಸಾಕ್ಷಿ.

ಐದು: ಕಾರ್ಖಾನೆಯಿಂದ ಹೊರಬಿಡುವ ನೀರಿನ ಪರೀಕ್ಷೆಯ ಫಲವನ್ನು ಮರಾಠಿ, ಹಿಂದಿಗಳಲ್ಲಿ ಬಾಗಿಲಿಗೆ ಬೋರ್ಡು ಹಾಕಿ ಬರೆಯಬೇಕು. ಗಾಳಿ ಊದುವ ಯಂತ್ರಕ್ಕೆ ವಿದ್ಯುತ್ತು ಬಹಳ ಬೇಕು. ಬಿಲ್ಲು ಉಳಿಸಲು ರಾತ್ರಿ ಯಂತ್ರ ನಿಲ್ಲಿಸಿದರೆ ಸೂಕ್ಷ್ಮ ಜೀವಿಗಳು ಉಸಿರುಕಟ್ಟಿ ಸಾಯುತ್ತವೆ, ಬೆಳಿಗ್ಗೆ ಹೊಲಸು ಹೊಲಸಾಗಿಯೇ ಹೊರಡುತ್ತದೆ. ಕಾರ್ಖಾನೆ ಇದ್ದರೆ ಸಾಲದು, ಅದು ಓಡುತ್ತಿರಬೇಕು.

ಕಡೆಯದಾಗಿ ಊರಿನ ಮಾತು. ರಜೆಗೆ ಹೋದಾಗ ಗಂಗೊಳ್ಳಿಯ ಅಳಿವೆಯಲ್ಲಿ, ಐದು ಹೊಳೆಗಳು ಕೂಡಿ ಕಡಲಿಗೆ ಇಳಿಯುವಲ್ಲಿ, ನಿಂತು ನೋಡುತ್ತೇನೆ. ಮೊಣಕಾಲುಮಟ್ಟದ ನೀರಿನಲ್ಲಿ ಹೆಂಗಸರು ಮರುವಾಯಿ ಹೆಕ್ಕುತ್ತಿರುತ್ತಾರೆ. 2020ರಲ್ಲಿ ನಮ್ಮ ಕರಾವಳಿಯ ಪಡುಬಿದ್ರಿ ಮತ್ತು ಕಾಸರಕೋಡು ದಂಡೆಗಳಿಗೆ ಬ್ಲೂ ಫ್ಲ್ಯಾಗ್ ಎಂಬ ಮನ್ನಣೆ ಸಿಕ್ಕಿತು. ಅದಕ್ಕೆ ನೀರಿನಲ್ಲಿ ಮಲದ ಕ್ರಿಮಿ ಇದೆಯೇ ಎಂದು ಪರೀಕ್ಷೆಯಾಗುತ್ತದೆ. ಆದರೆ ಪೇಟೆಗಳು ಬೆಳೆಯುತ್ತಿವೆ. ಲಾಡ್ಜು, ಫ್ಲಾಟು, ಹೋಟೆಲುಗಳು ಏಳುತ್ತಿವೆ. ಅವುಗಳಲ್ಲಿ ಕೆಲವು ನಮ್ಮವರೇ ಮುಂಬಯಿಯಲ್ಲಿ ದುಡಿದು ತಂದ ದುಡ್ಡಿನಿಂದ ಕಟ್ಟಿದವು. ಕಟ್ಟುವಾಗ ಅವುಗಳ ಮೋರಿಯ ನೀರು ಎಲ್ಲಿಗೆ ಹೋಗುತ್ತದೆಂದು ಯಾರಾದರೂ ಕೇಳಿದರೇ?

ನಾನು ಇಪ್ಪತ್ತು ವರ್ಷ ತಡವಾಗಿ ಕೇಳಿದೆ. ನೀವು ನಾಳೆ ಬೆಳಿಗ್ಗೆಯೇ ಕೇಳಿರಿ. ಕೆಲಸಕ್ಕೆ ನಿಲ್ಲುವ ಮುಂಚೆ ಮೋರಿಯ ಹಿಂದಿನ ಕೊಳವೆಯನ್ನು ಹಿಡಿದು ಹೊರಗೆ ಹೋಗಿ, ಅದು ಗಟಾರಕ್ಕೆ ಸೇರಿದೆಯೋ ನಾಲಾಕ್ಕೆ ಬಾಯಿ ಬಿಟ್ಟಿದೆಯೋ ನೋಡಿ ಬನ್ನಿ. ನೋಡಿದ್ದನ್ನು ಮುಂದಿನ ಕೂಟಕ್ಕೆ ಬಂದು ಹೇಳಿ. ಹಿಂದಿನ ಸಾಲಿನ ಗೆಳೆಯನಿಗೂ ನಾನು ಇದನ್ನೇ ಹೇಳಿದ್ದೇನೆ. ನೋಡಿ ಬರುತ್ತೇನೆ ಎಂದಿದ್ದಾನೆ.

— ಸಂಘದ ಒಬ್ಬ ಕಾರ್ಯಕರ್ತ